ಡ್ಯಾನಿ ಸತ್ತ ಮೇಲೆ

ಮನೆತನದ ಮರ್ಯಾದೆ ಯಾರ ಬೆನ್ನ ಮೇಲೆ ನಿಂತಿದೆ ಅಂತ ಕೇಳುವ ಕತೆಗಳು ಕಮ್ಮಿ. 2015ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಬ್ಲಡ್‌ಲೈನ್’ ಹಾಗೆ ಕೇಳಿತು. 13 ಕಂತುಗಳನ್ನೂ ನಾವು ಬಿಡದೆ ನೋಡಿದೆವು. 2016ರಲ್ಲಿ ಎರಡನೆಯ ಭಾಗ ಬಂತು, 10 ಕಂತು. ನೋಡಿ ಮುಗಿಸಿದಾಗ ನಮಗೆ ಉಳಿದದ್ದು ಸಿಟ್ಟು.

ಅಮೆರಿಕದ ಫ್ಲೋರಿಡಾದ ತುದಿಯಲ್ಲಿ ಸಮುದ್ರಕ್ಕೆ ಚಾಚಿದ ಸಣ್ಣ ದ್ವೀಪಗಳ ಸಾಲಿದೆ. ಅಲ್ಲಿ ರೇಬರ್ನ್ ಮನೆಯವರದ್ದೊಂದು ಹೋಟೆಲು. ಊರಲ್ಲಿ ಮರ್ಯಾದಸ್ಥರು. ಒಬ್ಬ ಮಗ ಜಾನ್ ಪೊಲೀಸು, ಮಗಳು ಮೆಗ್ ವಕೀಲೆ, ಇನ್ನೊಬ್ಬ ಕೆವಿನ್ ದೋಣಿ ರಿಪೇರಿಯವನು. ಹಿರಿಯವನು ಡ್ಯಾನಿ ಮಾತ್ರ ಎಲ್ಲಿಯೂ ಸಲ್ಲದವನು. ಹೋಟೆಲಿನ 45ನೇ ವರ್ಷದ ಸಂಭ್ರಮಕ್ಕೆ ಅವನು ಊರಿಗೆ ಬರ್ತಾನೆ, ಎಲ್ಲರ ಮುಖ ಬಾಡುತ್ತೆ.

ಯಾಕೆ? ಚಿಕ್ಕಂದಿನಲ್ಲಿ ಅವನ ಜೊತೆ ದೋಣಿಯಲ್ಲಿ ಹೋದ ತಂಗಿ ಸಾರಾ ನೀರಲ್ಲಿ ಮುಳುಗಿ ಸತ್ತಿದ್ದಳು. ಅಪ್ಪ ಆ ಹುಡುಗನನ್ನು ಮೂಳೆ ಮುರಿಯೋ ಹಾಗೆ ಬಡಿದ. ಕಾರು ಹೊಡೀತು ಅಂತ ಪೊಲೀಸರ ಮುಂದೆ ಉಳಿದ ಮಕ್ಕಳ ಬಾಯಲ್ಲಿ ಸುಳ್ಳು ಹೇಳಿಸಿದರು. ಆ ಸುಳ್ಳಿನ ಮೇಲೆ ಮನೆ ನಿಂತಿತು. ಏಟು ತಿಂದವನೇ ಮನೆಗೆ ಕೆಟ್ಟವನಾದ!

ಡ್ಯಾನಿ ಸಾಧು ಅಂತ ನಾವು ಹೇಳ್ತಿಲ್ಲ. ಮನೆಯ ಹೋಟೆಲನ್ನೇ ಮಾದಕ ವಸ್ತುವಿನ ಸಾಗಣೆಗೆ ಬಳಸಿದ. ಕೊನೆಗೆ ಪೊಲೀಸು ತಮ್ಮನೇ ಅವನನ್ನು ನೀರಲ್ಲಿ ಅದುಮಿ ಕೊಂದ. ಆದರೆ ಬೆನ್ ಮೆಂಡೆಲ್‌ಸನ್ ಆ ಪಾತ್ರದಲ್ಲಿ ಸುಮ್ಮನೆ ನಕ್ಕರೂ ಸಾಕು, ಎದುರು ಕೂತ ಮರ್ಯಾದಸ್ಥರ ಲೆಕ್ಕವೆಲ್ಲ ಬಯಲಾಗುತ್ತಿತ್ತು.

ಕೇಳುವವನು ಹೋದ. ಎರಡನೆಯ ಭಾಗಕ್ಕೆ ಉಳಿದದ್ದು ಒಂದೇ ಪ್ರಶ್ನೆ: ಇವರು ಸಿಕ್ಕಿಬೀಳ್ತಾರಾ, ಇಲ್ವಾ? ಹಾಗಾಗಿ ಸುಳ್ಳಿಗೊಂದು ಸುಳ್ಳು, ಹೊಸಬರೊಬ್ಬರು, ಬೆದರಿಕೆಯೊಂದು. ಜಾನ್ ಶೆರಿಫ್ ಚುನಾವಣೆಗೆ ನಿಲ್ತಾನೆ. ಕೊಂದವನೇ ಕಾನೂನು ಕಾಯೋ ಹುದ್ದೆ ಕೇಳ್ತಾನಲ್ಲ, ಇದಕ್ಕಿಂತ ದೊಡ್ಡ ಕತೆ ಬೇಕೆ? ಅದನ್ನೂ ಬರೀ ಉಸಿರುಗಟ್ಟಿಸುವ ಆಟ ಮಾಡಿದರು. ಜಾನನ ಬೆವರು, ಜಾನನ ನಿದ್ದೆಗೇಡು ನೋಡಿ ನಾವು ಅಯ್ಯೋ ಅನ್ನಬೇಕಂತೆ. ಸತ್ತವನಿಗಾಗಿ ಅಯ್ಯೋ ಅನ್ನೋದು ಯಾವಾಗ?

ಡ್ಯಾನಿಯನ್ನು ಜಾನನ ಕಣ್ಣಿಗೆ ಕಾಣುವ ನೆರಳು ಮಾಡಿ, ಹಳೆಯ ದಿನಗಳ ತುಣುಕು ಮಾಡಿ ಮತ್ತೆ ಕರೆತಂದರು. ಸೋಜಿಗ ನೋಡಿ, ಮೆಂಡೆಲ್‌ಸನ್‌ಗೆ 2016ರ ಎಮ್ಮಿ ಪ್ರಶಸ್ತಿ ಬಂದದ್ದು ಈ ಭಾಗಕ್ಕೇ. ಬದುಕಿರುವವರ ಕೈಲಿ ಕತೆ ನಡೀಲಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಯಾಕೆ?

ಒಂದು ಒಳ್ಳೆಯ ದಾರಿ ಇತ್ತು. ಡ್ಯಾನಿಯ ಮಗ ನೋಲನ್ ಬಂದು ಬಾಗಿಲಲ್ಲಿ ನಿಲ್ತಾನೆ. ಅಪ್ಪನದೇ ಮುಖ, ಅಪ್ಪನದೇ ಓರೆ ನೋಟ. ಅಜ್ಜಿ ಸ್ಯಾಲಿಯಾಗಿ ಸಿಸ್ಸಿ ಸ್ಪೇಸೆಕ್ ಅವನನ್ನು ನೋಡುವ ನೋಟದಲ್ಲೇ ಹಳೆಯ ಪಾಪದ ಬಾಕಿ ಇದೆ. ಆ ಹುಡುಗ ಕೇಳಬೇಕಾದ್ದನ್ನು ಕೇಳಿಸಿದ್ದರೆ ಸಾಕಿತ್ತು. ಅವನನ್ನು ಬದಿಗೆ ಸರಿಸಿ, ಕಳ್ಳಸಾಗಣೆಯವರ ಹಿಂದೆ ಕ್ಯಾಮೆರಾ ಓಡಿತು.

ಕೊನೆಯ ಕಂತಲ್ಲಿ ನಿಜದ ಹತ್ತಿರ ಬಂದಿದ್ದ ಪೊಲೀಸು ಮಾರ್ಕೊನನ್ನು ಕೆವಿನ್ ಹೊಡೆದು ಕೊಂದ. 2017ರ ಮೂರನೆಯ, ಕಡೆಯ ಭಾಗದಲ್ಲಿ ಆ ಕೊಲೆಯನ್ನು ಡ್ಯಾನಿಯ ಹಳೆಯ ಗೆಳೆಯ, ಜೈಲು ಕಂಡು ಬಂದ ಎರಿಕ್‌ನ ತಲೆಗೆ ಕಟ್ಟಿದರು.