ಬೋನಾಳದ ಕೆರೆಯ ದಂಡೆಯಲ್ಲಿ

ಕಳೆದ ಪುಷ್ಯಮಾಸದಲ್ಲಿ ಮನೆಮಂದಿಯೆಲ್ಲ ರೊಟ್ಟಿಬುತ್ತಿ ಕಟ್ಟಿಕೊಂಡು ಬೋನಾಳದ ಕೆರೆಗೆ ಹೋಗಿದ್ದೆವು. ಸುರಪುರದ ಅರಸರಾದ ಪಾಮನಾಯಕರು ೧೭ನೆಯ ಶತಮಾನದಲ್ಲಿ ಕಟ್ಟಿಸಿದ ಈ ಕೆರೆಯನ್ನು ೧೮೪೧ರಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರ ಸಾಹೇಬರು ಹೆಚ್ಚಿಸಿದರು. ಈಗ ಇದು ಪಕ್ಷಿಧಾಮ. ಕೃಷ್ಣೆಯಲ್ಲಿ ಹರಗೋಲು ಹತ್ತಿ ಬಂದಿದ್ದ ನಮ್ಮ ಕಿರಿಮಗನು ಇಲ್ಲಿ ದೋಣಿ ಕಾಣದೆ ಮುಖ ಸಣ್ಣದು ಮಾಡಿದನು. ಅವನನ್ನು ನಗಿಸಲೆಂದು, ತೇಲುತ್ತಿದ್ದ ಪಟ್ಟೆತಲೆಯ ಹೆಬ್ಬಾತುಗಳನ್ನು ಹಾರಿಸಿ ತೋರಿಸಲು ನಾವೇ ಕಲ್ಲೆತ್ತಿದೆವು. ಅವು ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳೆಂದು ಆಗತಾನೇ ಹೇಳಿದವರೂ ನಾವೇ!

ಬುತ್ತಿ ಬಿಚ್ಚುತ್ತಿದ್ದ ಅವ್ವ, “ಅಷ್ಟು ದೂರದಿಂದ ಬಂದ ಬೀಗರಿಗೆ ಕಲ್ಲು ಒಗೀತಾರೇನಪ್ಪಾ?” ಎಂದಳು.

ಎತ್ತಿದ ಕೈ ಇಳಿಯಿತು. ಮಗನು ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡಿರೆಂದು ನಮಗೇ ಸನ್ನೆ ಮಾಡಿದನು. ದೋಣಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಕಲ್ಲಿನ ಮಾತನ್ನು ನಾವು ಮರೆತಿಲ್ಲ.