ಅಮ್ಮನ ಲೆಕ್ಕವೇ ಸರಿ ಇತ್ತು (ಕೋಡ್ ಡೈರಿ, ಭಾಗ 4)

ಫೋಟೋದಲ್ಲಿರೋದು ಅಮ್ಮನ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ. ಅದನ್ನ ಕಂಪ್ಯೂಟರ್‌ಗೆ ಹಾಕೋಣ ಅಂತ ಬೈಸನ್‌ನಲ್ಲಿ ಪುಟ್ಟ ಕ್ಯಾಲ್ಕುಲೇಟರ್ ಮಾಡಿದ್ದೆ. ನನ್ನ ಪ್ರೋಗ್ರಾಂ ಪ್ರಕಾರ ಡಬ್ಬಿಯಲ್ಲಿ 400 ರೂಪಾಯಿ ಕಮ್ಮಿ.

"ಎಲ್ಲೋ ತಪ್ಪು ಮಾಡಿದೀಯಮ್ಮಾ" ಅಂದುಬಿಟ್ಟೆ. ಅಮ್ಮ ಏನೂ ಹೇಳಲಿಲ್ಲ. ರಾತ್ರಿ ಎದ್ದು ನೋಡಿದರೆ ನೋಟುಗಳನ್ನ ಮೂರನೇ ಸಲ ಎಣಿಸ್ತಾ ಕೂತಿದ್ದಳು. "ಸಂಘದ ದುಡ್ಡು ಕಣೇ, ನಾಳೆ ಎಲ್ಲರಿಗೂ ಏನು ಹೇಳಲಿ?"

ಆಗ ಒಂದೊಂದೇ ಸಾಲು ನೋಡಿದೆ. ಕೈಯಲ್ಲಿ 1000, ಕುರ್ಚಿ ಬಾಡಿಗೆ 300, ಟೀ-ತಿಂಡಿ 200. ಅಮ್ಮ ಬರೆದದ್ದು 500. ಪ್ರೋಗ್ರಾಂ ಕೊಟ್ಟದ್ದು 900!

ಬೈಸನ್ ಒಂದು ಪಾರ್ಸರ್ ಜನರೇಟರ್. ನಾವು ವ್ಯಾಕರಣ ಬರೆದುಕೊಟ್ಟರೆ, ಅದನ್ನ ಓದಬಲ್ಲ ಪ್ರೋಗ್ರಾಂ ತಯಾರು ಮಾಡಿಕೊಡುತ್ತೆ. ನನ್ನ ನಿಯಮ ಹೀಗಿತ್ತು:

ಲೆಕ್ಕ : ಲೆಕ್ಕ '+' ಲೆಕ್ಕ
| ಲೆಕ್ಕ '-' ಲೆಕ್ಕ
| ಸಂಖ್ಯೆ

ಚಿಹ್ನೆಯ ಎರಡೂ ಕಡೆ ಮತ್ತೆ 'ಲೆಕ್ಕ'. ಹಾಗಾಗಿ 1000 - 300 - 200 ಅನ್ನೋದನ್ನ (1000 - 300) - 200 ಅಂತಲೂ ಓದಬಹುದು, 1000 - (300 - 200) ಅಂತಲೂ ಓದಬಹುದು. ಯಾವುದು ಅಂತ ನಾನು ಹೇಳಿರಲೇ ಇಲ್ಲ. ಇಂಥ ಕಡೆ ಬೈಸನ್ ಓದಿದ್ದನ್ನ ಮುಗಿಸೋ ಬದಲು ಮುಂದಿನ ಚಿಹ್ನೆಯನ್ನ ಎಳೆದುಕೊಳ್ಳುತ್ತೆ. ಅದಕ್ಕೇ 300 - 200 ಮೊದಲು ಆಯ್ತು. '4 ಶಿಫ್ಟ್/ರಿಡ್ಯೂಸ್ ಕಾನ್‌ಫ್ಲಿಕ್ಟ್' ಅಂತ ಅದು ಎಚ್ಚರಿಸಿತ್ತು. ಎರರ್ ಅಲ್ವಲ್ಲ ಅಂತ ನಾನೇ ಬಿಟ್ಟಿದ್ದೆ.

ಎಡದಿಂದ ಗುಂಪು ಮಾಡು ಅನ್ನೋಕೆ ಎರಡು ಸಾಲು ಸೇರಿಸಿದೆ:

%ಲೆಫ್ಟ್ '-'
%ಲೆಫ್ಟ್ '+'

ನಾಲ್ಕೂ ಎಚ್ಚರಿಕೆ ಮಾಯ. ಖುಷಿಯಲ್ಲಿ 1000 - 300 + 200 ಕೊಟ್ಟೆ. 900 ಬರಬೇಕು, ಬಂದದ್ದು 500. ಬೈಸನ್‌ನಲ್ಲಿ ಕೆಳಗಿನ ಸಾಲಿಗೆ ಆದ್ಯತೆ ಜಾಸ್ತಿ. ಹಾಗಾಗಿ ಕೂಡೋದು ಮೊದಲಾಗಿ, ಆಮೇಲೆ 1000ದಿಂದ 500 ಕಳೀತು. ಎರಡಕ್ಕೂ ಸಮಾನ ಆದ್ಯತೆ ಬೇಕಂದ್ರೆ ಎರಡೂ ಒಂದೇ ಸಾಲಲ್ಲಿರಬೇಕು:

%ಲೆಫ್ಟ್ '+' '-'

ಈಗ 900. ಹಳೇ ಸಾಲಿಗೆ 500.

ಗೊಂದಲ ಇಲ್ಲದ ನಿಯಮ ಬೇರೆ, ಸರಿಯಾದ ನಿಯಮ ಬೇರೆ. ಮೊದಲನೆಯದನ್ನ ಬೈಸನ್ ಹೇಳುತ್ತೆ. ಎರಡನೆಯದಕ್ಕೆ ಅಮ್ಮನ ಪುಸ್ತಕವೇ ಬೇಕಾಯ್ತು. ಈಗ ಏನೇ ಬದಲಾಯಿಸಿದರೂ ಅದರ ಒಂದು ಪುಟ ಓಡಿಸಿ ನೋಡ್ತೀನಿ.

ಬೆಳಿಗ್ಗೆ ಸಾರಿ ಕೇಳಿದೆ. ಅಮ್ಮ ದೋಸೆ ಮಗುಚ್ತಾ ಅಂದಳು: "ಎಡದಿಂದ ಕಳೀತಾ ಬಾ ಅಂತ ಮೂರನೇ ಕ್ಲಾಸಲ್ಲೇ ಹೇಳಿಕೊಟ್ಟಿದ್ದೆ ನಿಂಗೆ."