ನೋಡುವುದಕ್ಕಾಗಿ ತೋಡಿದ ಬಾವಿ

ಕೋಲಾರ ಸೀಮೆಯೆಂದರೆ ಕನ್ನಡ ಎಂ.ಎ. ಓದಿದ ನನ್ನಂಥವನಿಗೆ ಮೊದಲು ನೆನಪಾಗುವವರು ಇಬ್ಬರು ಹಿರಿಯರು: ಮಾಲೂರು ತಾಲ್ಲೂಕಿನ ಮಾಸ್ತಿಯವರು, ಮುಳಬಾಗಿಲಿನ ಡಿ.ವಿ.ಜಿ.ಯವರು. ಅವರ ಊರುಗಳನ್ನು ಕಣ್ಣಾರೆ ನೋಡಬೇಕೆಂಬ ಹಂಬಲ ಬಹುದಿನದ್ದು. ಕಳೆದ ಬೇಸಗೆಯ ರಜೆಯಲ್ಲಿ ಆ ಯೋಗ ಒದಗಿತು. ಆದರೆ ಜೊತೆಗೆ ಹೊರಟವರು ಸಾಹಿತಿಗಳಲ್ಲ. ನಮ್ಮ ಕಾಲೇಜಿನ ಭೂವಿಜ್ಞಾನದ ಅಧ್ಯಾಪಕರು. ಅವರ ಕಾರಿನ ಹಿಂಬದಿಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆಯೊಂದನ್ನು ಕಂಡು, ಬುತ್ತಿಯಿರಬೇಕೆಂದು ಸಂತೋಷಪಟ್ಟೆ. ಮುಚ್ಚಳ ತೆಗೆದು ನೋಡಿದರೆ ಬರಿಯ ಖಾಲಿ ಸೀಸೆಗಳು!

"ಮೇಷ್ಟ್ರೇ, ನೀವು ನೆಲದ ಮೇಲಿನದನ್ನು ನೋಡಿಕೊಂಡು ಬನ್ನಿ. ಕೆಳಗಿನದು ನನಗಿರಲಿ" ಎಂದರು ಮಿತ್ರರು.

ಮಾಲೂರಿಗೆ ಹೆಸರು ತಂದುದು ಅಲ್ಲಿಯ ಹೆಂಚು, ಇಟ್ಟಿಗೆ. ಗೂಡೊಂದರ ಬಳಿ ಮುದುಕರೊಬ್ಬರು ಜೇಡಿಯನ್ನು ಎರಡು ಬೆರಳುಗಳ ನಡುವೆ ತೀಡಿ, "ಇದು ಆಗುತ್ತೆ, ಇದು ಆಗಲ್ಲ" ಎಂದು ಬೇರೆ ಮಾಡುತ್ತಿದ್ದರು. ಆ ಬೆರಳ ಜಾಣ್ಮೆಯನ್ನು ನಾನು ಕೊಂಡಾಡಿದೆ. ಮಿತ್ರರೂ ತಲೆದೂಗಿದರು. "ಮಣ್ಣಿನ ಗುಣ ಬೆರಳಿಗೆ ತಿಳಿಯುತ್ತದೆ, ಮಣ್ಣಿನ ವಿಷ ತಿಳಿಯುವುದಿಲ್ಲ. ನಾಳೆ ನೋಡುವಿರಂತೆ" ಎಂದರು.

ಮರುದಿನ ಬಂಗಾರಪೇಟೆಯನ್ನು ದಾಟಿ ಚಿನ್ನದ ಗಣಿಯ ಊರನ್ನು ಸೇರಿದೆವು. 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುತ್ತನ್ನು ತರಿಸಿಕೊಂಡು ಬೆಳಗಿದ ಊರು. 3 ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಮನುಷ್ಯರು ಇಳಿದು ದುಡಿದ ಊರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೋಯಿತು, ಅದನ್ನು ತೆಗೆದ ಮೇಲೆ ಉಳಿದ ಹಿಟ್ಟಿನಂಥ ಪುಡಿ ಬೂದುಬಣ್ಣದ ಗುಡ್ಡಗಳಾಗಿ ನಿಂತಿದೆ. ಜನ ಇವುಗಳನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಸಿನಿಮಾದವರಿಗೆ ಇವು ಒಳ್ಳೆಯ ಹಿನ್ನೆಲೆ; ಸುತ್ತಣ ಹೊಲದವರಿಗೆ ಗಾಳಿ ಎದ್ದಾಗ ದೂಳು, ಮಳೆ ಬಂದಾಗ ಕೆಸರು.

"ಹೆಸರು ಸೈನೈಡಿನದಾದರೂ ಅದು ಬಿಸಿಲಿಗೆ ಬಹುಮಟ್ಟಿಗೆ ಒಡೆದುಹೋಗುವ ವಸ್ತು. ಅದಿರಿನಲ್ಲಿದ್ದ ಗಂಧಕ ಮತ್ತು ಲೋಹಗಳು ಹಾಗಲ್ಲ. ಮಳೆ ಬಿದ್ದಾಗಲೆಲ್ಲ ಇಷ್ಟಿಷ್ಟೇ ಕರಗಿ ಇಳಿಯಬಲ್ಲವು" ಎಂದು ಮಿತ್ರರು ವಿವರಿಸಿದರು.

ದಿಬ್ಬದ ಕೆಳಗಿನ ಹೊಲವೊಂದರಲ್ಲಿ, ಯಜಮಾನರ ಒಪ್ಪಿಗೆ ಪಡೆದು, ಅವರು ಕೆಲಸಕ್ಕೆ ತೊಡಗಿದರು. ಬಡಗಿಯ ಬೈರಿಗೆಯನ್ನು ಆಳೆತ್ತರಕ್ಕೆ ಬೆಳೆಸಿದಂಥ ಸಲಕರಣೆಯನ್ನು ನೆಲಕ್ಕೆ ತಿರುವಿ, ಮೇಲಿನ ಅರ್ಧ ಅಡಿಯ ಮಣ್ಣನ್ನು ಒಂದು ಸೀಸೆಗೆ, ಒಂದಡಿಯದನ್ನು ಇನ್ನೊಂದಕ್ಕೆ, ಮೂರಡಿಯದನ್ನು ಮತ್ತೊಂದಕ್ಕೆ ತುಂಬಿದರು. ಒಂದೊಂದು ಸಲವೂ ಬೈರಿಗೆಯನ್ನು ತೊಳೆದು ಒರೆಸಿದರು. ನಮ್ಮಜ್ಜಿಯ ಮಡಿಯೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಸೀಸೆಯ ಮೇಲೆ ಸ್ಥಳ, ಆಳ, ದಿನ, ಗಳಿಗೆ ಎಲ್ಲವನ್ನೂ ಬರೆದರು. ಆಮೇಲೆ ಎರಡು ಮೈಲಿ ಆಚೆಗೆ, ದಿಬ್ಬದ ಗಾಳಿಯೂ ನೀರೂ ತಲುಪದ ಎತ್ತರದ ಹೊಲಕ್ಕೆ ಹೋಗಿ ಅಲ್ಲಿಯೂ ಮೂರು ಸೀಸೆ ತುಂಬಿದರು.

"ಇಲ್ಲಿ ಏಕೆ? ಇದು ಒಳ್ಳೆಯ ಮಣ್ಣಲ್ಲವೇ?"

"ಒಳ್ಳೆಯದು ಹೇಗಿರುತ್ತದೆಂದು ತಿಳಿಯದೆ ಕೆಟ್ಟಿದೆಯೆಂದು ಹೇಳುವುದು ಹೇಗೆ?"

ಮುಳಬಾಗಿಲು ಮೂಡಲಬಾಗಿಲು. ಆಂಜನೇಯನ ದರ್ಶನ, ಕುರುಡುಮಲೆಯ ಗಣಪತಿಯ ದರ್ಶನ, ಪ್ರಸಿದ್ಧವಾದ ಮುಳಬಾಗಿಲು ದೋಸೆಯ ಸೇವನೆ ಎಲ್ಲವೂ ಸಾಂಗವಾಗಿ ನಡೆದುವು. ಅಲ್ಲಿಂದ ಶ್ರೀನಿವಾಸಪುರದವರೆಗೆ ದಾರಿಯುದ್ದಕ್ಕೂ ಮಾವಿನ ತೋಪುಗಳು. ಇಲ್ಲಿ ಗಣಿಯಿಲ್ಲ, ದಿಬ್ಬವಿಲ್ಲ. ಆದರೂ ಊರೂರಲ್ಲಿ ಕುಡಿಯುವ ನೀರಿನ ಶುದ್ಧೀಕರಣ ಘಟಕಗಳು, ಕೊಡ ಹಿಡಿದ ಸಾಲುಗಳು. ಈ ನಾಡಿನಲ್ಲಿ ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲ. ಕೆರೆ ಬತ್ತಿತು, ತೆರೆದ ಬಾವಿ ಬತ್ತಿತು. ಕೊಳವೆಬಾವಿ ಸಾವಿರ ಅಡಿಯನ್ನೂ ಮೀರಿ ಇಳಿಯಿತು. ಆಳದ ಕಲ್ಲಿನಲ್ಲಿ ಬಹುಕಾಲ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಹೀರಿಕೊಂಡು ಬಂತು. ಲೀಟರಿಗೆ 1 ಮಿಲಿಗ್ರಾಂ ಇರಬಹುದು. ಬೇರೆ ದಾರಿಯೇ ಇಲ್ಲದಿದ್ದರೆ 1.5 ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಲೆ, ಹಿರಿಯರ ಮೂಳೆಗೆ ನೋವು. ಇದು ಯಾರೂ ಸುರಿದ ವಿಷವಲ್ಲ. ಬಾಯಾರಿಕೆಯೇ ಅಗೆದು ತಂದುದು.

ಈ ಬಾಯಾರಿಕೆಗೆ ಬೆಂಗಳೂರು ಒಂದು ಉತ್ತರ ಕಳುಹಿಸಿತು. ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡು ಹಂತಗಳಲ್ಲಿ ಶುದ್ಧಿಮಾಡಿ, ಕೊಳವೆಗಳಲ್ಲಿ ತಂದು ಕೆರೆಗಳಿಗೆ ತುಂಬುವ ಯೋಜನೆ. ಕುಡಿಯುವುದಕ್ಕಲ್ಲ, ನೆಲದೊಳಕ್ಕೆ ಇಂಗಿಸುವುದಕ್ಕೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರದ ಕೆರೆಗೆ ನೀರು ಬಂದಾಗ ಊರಿಗೆ ಊರೇ ಹಿಗ್ಗಿತು. ಮರುತಿಂಗಳೇ ನೊರೆ ಎದ್ದಿತು. ಉಚ್ಚ ನ್ಯಾಯಾಲಯ ನೀರನ್ನು ತಡೆಯಿತು; 2019ರ ಆರಂಭದಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಡೆಯಿತು; ಆಮೇಲೆ ಮತ್ತೆ ಹರಿಯಿತು. ಕೆರೆಯಿಂದ ಕೆರೆಗೆ ನೀರು ನಡೆದಂತೆ ಸುತ್ತಣ ಬಾವಿಗಳ ಮಟ್ಟ ಏರಿದುದು ನಿಜ. ಮೂರನೆಯ ಹಂತದ ಶುದ್ಧಿಯೂ ಆಗಲಿ ಎಂಬ ಜನರ ಕೂಗು ಅಡಗದಿರುವುದೂ ನಿಜ.

ಕೋಲಾರ ತಾಲ್ಲೂಕಿನ ಅಂಥ ಒಂದು ಕೆರೆಯ ಕೆಳಗೆ ಮಿತ್ರರ ಹಳೆಯ ವಿದ್ಯಾರ್ಥಿಗಳು ಬಾವಿ ಇಳಿಸುತ್ತಿದ್ದರು. ಆರಂಗುಲದ ರಂಧ್ರ, ಅದರೊಳಗೆ ನಾಲ್ಕಂಗುಲದ ಪ್ಲಾಸ್ಟಿಕ್ ಕೊಳವೆ. ನೀರಿರುವ ಆಳದಲ್ಲಿ ಮಾತ್ರ ಕೊಳವೆಗೆ ಸಣ್ಣ ಸೀಳುಗಳು. ಅದರ ಸುತ್ತ ತೊಳೆದ ಸಣ್ಣ ಜಲ್ಲಿ. ಮೇಲೆ, ನೀರು ತಾಕಿದರೆ ಉಬ್ಬಿ ಸಂದುಗಳನ್ನು ಮುಚ್ಚುವ ಬೆಂಟೊನೈಟ್ ಜೇಡಿ. ಅದರ ಮೇಲೆ ಸಿಮೆಂಟು. ತುದಿಗೆ ಮುಚ್ಚಳ, ಬೀಗ. ಮೇಲಿನ ಕೊಳೆ ನೇರವಾಗಿ ಇಳಿದು ಸುಳ್ಳು ಸಾಕ್ಷಿ ಹೇಳಬಾರದೆಂದು ಈ ಕಾವಲು.

"ಇಷ್ಟು ಕಷ್ಟಪಟ್ಟು ತೋಡಿ ಬೀಗ ಹಾಕುವುದೇ? ಯಾರು ಸೇದುತ್ತಾರೆ?"

"ಯಾರೂ ಇಲ್ಲ. ಇದು ಕುಡಿಯುವುದಕ್ಕಲ್ಲ, ನೋಡುವುದಕ್ಕೆ" ಎಂದರು ಮಿತ್ರರು. ಅಂಥವು ಕಡಮೆಯೆಂದರೂ ಮೂರು ಬೇಕಂತೆ. ಮೂರರ ಮಟ್ಟವನ್ನೂ ಅಳೆದರೆ ನೆಲದೊಳಗಿನ ನೀರು ಯಾವ ಕಡೆಗೆ ವಾಲಿದೆಯೆಂಬುದು ತಿಳಿಯುತ್ತದೆ. ಮೇಲುಗಡೆಯ ಬಾವಿ ಬರುವ ನೀರಿನ ಗುಣವನ್ನು ಹೇಳಿದರೆ, ಕೆಳಗಿನವು ಹೋಗುವ ನೀರಿನ ಗುಣವನ್ನು ಹೇಳುತ್ತವೆ. ಮಾದರಿ ಹಿಡಿಯುವ ಮೊದಲು ಕೊಳವೆಯಲ್ಲಿ ನಿಂತ ಹಳೆಯ ನೀರನ್ನೆಲ್ಲ ಹೊರಹಾಕಬೇಕು. ಮಳೆಗೆ ಮುನ್ನ ಒಮ್ಮೆ, ಮಳೆಯ ನಂತರ ಒಮ್ಮೆ, ಹೀಗೆ ವರ್ಷಗಟ್ಟಲೆ ನೋಡಬೇಕು. ಇಲ್ಲಿಯದು ಬಿರುಕುಬಿಟ್ಟ ಕಲ್ಲು. ನೀರು ಯಾವ ಬಿರುಕನ್ನು ಹಿಡಿದು ಎಲ್ಲಿಗೆ ಹೋದೀತೆಂದು ಮೇಲೆ ನಿಂತವನು ಊಹಿಸಲಾರ.

ಅಷ್ಟರಲ್ಲಿ ಪಕ್ಕದ ತೋಟದಿಂದ ಅಜ್ಜಿಯೊಬ್ಬರು ಬಂದರು. "ಸಾಮಿ, ನಮ್ಮ ಮಾವ ತೋಡಿಸಿದ ಬಾವಿ. ಬತ್ತಿ ಎಷ್ಟೋ ವರ್ಸ ಆಗಿತ್ತು. ಈಗ ನೀರು ಬಂದೈತೆ. ಕುಡೀಬೌದಾ?"

ಹೋಗಿ ನೋಡಿದೆವು. ಕಲ್ಲು ಕಟ್ಟಿದ ಹಳೆಯ ಬಾವಿ. ಕಟ್ಟೆಗೆ ಅರಿಸಿನ ಕುಂಕುಮ. ಕೆಳಗೆ ತಿಳಿಯಾದ ನೀರು. ನಾನಾಗಿದ್ದರೆ ಒಂದು ಬೊಗಸೆ ಕುಡಿದುಬಿಡುತ್ತಿದ್ದೆ. ಮಿತ್ರರು ಸೀಸೆ ತುಂಬಿಕೊಂಡು, "ಅಮ್ಮಾ, ಹೇಳಿ ಕಳುಹಿಸುತ್ತೇನೆ. ಅಲ್ಲಿಯವರೆಗೆ ಬೇಡ" ಎಂದರು. ಅಜ್ಜಿಯ ಮುಖ ಬಾಡಿತು. "ಕಣ್ಣಿಗೆ ಚೆನ್ನಾಗೇ ಐತಲ್ಲ ಸಾಮಿ?"

ಮೂರು ವಾರಗಳ ಮೇಲೆ ಫಲಿತಾಂಶ ಬಂತು. ನೈಟ್ರೇಟು ಲೀಟರಿಗೆ 45 ಮಿಲಿಗ್ರಾಮಿನ ಮಿತಿಯನ್ನು ದಾಟಿತ್ತು. ಕೆರೆಯಿಂದ ಬಂದುದೋ, ಹೊಲದ ರಸಗೊಬ್ಬರದಿಂದಲೋ, ಅಜ್ಜಿಯದೇ ಕೊಟ್ಟಿಗೆಯ ತಿಪ್ಪೆಯಿಂದಲೋ? ಒಂದು ಸೀಸೆ ಹೇಳಲಾರದು. ಆ ಬೀಗದ ಬಾವಿಗಳು ಹೇಳಬೇಕು. "ಗಿಡಗಳಿಗೆ ಬಳಸಿ, ಕುಡಿಯಬೇಡಿ. ಮಳೆಗಾಲ ಕಳೆದ ಮೇಲೆ ಮತ್ತೆ ಬರುತ್ತೇವೆ" ಎಂದು ಮಿತ್ರರು ಬರೆದು ಕಳುಹಿಸಿದರು.

ಆ ಸಂಜೆ ಮನೆಯಲ್ಲಿ ಬಚ್ಚಲು ತೊಳೆಯುವ ಸರದಿ ನನ್ನದಾಗಿತ್ತು. ನಮ್ಮ ಬೀದಿಯ ಒಳಚರಂಡಿ ಕೊನೆಗೆ ಸೇರುವುದು ಆ ಕಣಿವೆಯನ್ನೇ. ಆಸಿಡ್ಡಿನ ಸೀಸೆಯನ್ನು ಬಗ್ಗಿಸಹೋದವನಿಗೆ ಅರಿಸಿನ ಕುಂಕುಮ ಹಚ್ಚಿದ ಆ ಕಟ್ಟೆ ಕಣ್ಣ ಮುಂದೆ ಬಂತು. ಸೀಸೆಯನ್ನು ಮೇಲಿಟ್ಟು ತೆಂಗಿನ ನಾರನ್ನು ಕೈಗೆ ತೆಗೆದುಕೊಂಡೆ. "ಇದೇನು, ಇವತ್ತು ಇಷ್ಟು ಹೊತ್ತು ಉಜ್ಜುತ್ತಿದ್ದೀರಿ?" ಎಂದು ಮನೆಯಾಕೆ ಕೇಳಿದಳು. "ಕೋಲಾರದಲ್ಲಿ ಒಬ್ಬರು ಕಾಯುತ್ತಿದ್ದಾರೆ" ಎಂದೆ.